ಬಸ್ಸಿನ ಬ್ರಷ್ಷೂ ಅತ್ತೆಯ ದಾಳಿಂಬೆಯೂ

"ಈ ಸಲ ಮನೆ ಧೂಳು ಉಂಟು, ನಾನುಂಟು!" ಎಂದು ನವ್‌ರೂಜ್ ಹಬ್ಬದ ಹಿಂದಿನ ದಿನ ಎರ್ಗಶ್ ತೋಳು ಮಡಚಿ ಘೋಷಿಸಿದ.

ಹೆಂಡತಿ ಸಬೋಹತ್ ಹಿಮದಲ್ಲಿ ಜಾರಿ ಬಿದ್ದು, ಬಲಗೈಗೆ ಪಟ್ಟಿ ಹಾಕಿಸಿಕೊಂಡು ಅಂಗಳದ ಮಂಚದ ಮೇಲೆ ಕೂತಿದ್ದಳು. ಇಂಥ ಮಾತು ಕೇಳಿ ಅವಳಿಗೆ ಸಂತೋಷವಾಗಬೇಕಿತ್ತು. ಆದದ್ದು ಭಯ.

"ಬೇಡ ಬಿಡಿ, ನಾಳೆ ಅಮ್ಮ ಬರ್ತಾಳೆ. ಅವಳೇ ಒಂದು ಕೈ ನೋಡ್ಕೋತಾಳೆ."

"ಅತ್ತೆ ಬಂದು ಧೂಳು ಹೊಡೀಬೇಕಾ? ನಾನೇನು ಸತ್ತಿದೀನಾ? ನನ್ನ ಬಸ್ ನೋಡಿದೀಯಲ್ಲ! ಸೀಟಿನ ಮೇಲೆ ಒಂದು ಕಣ ಧೂಳು ತೋರ್ಸು, ಮೀಸೆ ಬೋಳಿಸ್ಕೋತೀನಿ!"

ಬಸ್ಸಿನ ವಿಷಯ ನಿಜವೇ. ಉರ್ಗುತ್‌ನಿಂದ ಸಮರ್ಕಂದ್‌ಗೆ ಓಡುವ ಅವನ ಬಸ್ಸು ಮದುವಣಗಿತ್ತಿಯ ಹಾಗೆ ಮಿರಮಿರ ಮಿಂಚುತ್ತಿತ್ತು. ಮೀಸೆಯೂ ಸುರಕ್ಷಿತವಾಗಿತ್ತು.

ಸಬೋಹತ್ ನಿಟ್ಟುಸಿರು ಬಿಟ್ಟು ಪಾಠ ಶುರು ಮಾಡಿದಳು. "ಸೂರಿಗೆ ಉದ್ದ ಕೋಲಿಗೆ ಬಟ್ಟೆ ಕಟ್ಕೊಳ್ಳಿ. ಗೂಡಿನಲ್ಲಿರೋ ಟೀ ಬಟ್ಟಲಿಗೆ ಒದ್ದೆ ಬಟ್ಟೆ. ಜಮಖಾನ ಹೊರಗೆ ಹಾಕಿ ಕೋಲಲ್ಲಿ ಬಡೀರಿ. ಗೋಡೆ ಮೇಲಿರೋ ಅಮ್ಮನ ಕಸೂತಿ ಸುಜನಿಗೆ ಮಾತ್ರ ನನ್ನ ಹಳೇ ರೇಷ್ಮೆ ವಸ್ತ್ರ. ಮೇಲಿಂದ ಕೆಳಕ್ಕೆ, ಮಗೂ ಕೆನ್ನೆ ಸವರಿದ ಹಾಗೆ. ಬ್ರಷ್ ಹತ್ರಾನೂ ತರ್ಬೇಡಿ!"

"ಒಂದು ಮನೆಗೆ ನಾಲ್ಕು ಆಯುಧವೇ! ನಾನೇನು ದಂಡಯಾತ್ರೆಗೆ ಹೊರಟಿದೀನಾ?" ಎಂದು ನಕ್ಕ ಎರ್ಗಶ್, ನೇರ ಬಸ್ಸಿಗೆ ಹೋಗಿ ತನ್ನ ಬ್ರಷ್ ಹಿಡಿದುಕೊಂಡು ಬಂದ. ಬಿರುಸು ಕೂದಲಿನ, ಮೊಳದುದ್ದದ ಬ್ರಷ್ಷು. ಸೀಟು, ಮೆಟ್ಟಿಲು, ಚಕ್ರ ಎಲ್ಲಕ್ಕೂ ಅದೊಂದೇ.

ಸೂರಿನ ಜೇಡರ ಬಲೆ ಉದುರಿತು. ಜಮಖಾನದ ಧೂಳು ಹಾರಿತು. ಒಂದು ಟೀ ಬಟ್ಟಲಿನ ಅಂಚಿನ ಚೂರೂ ಹಾರಿತು, ಅದಿರಲಿ. ಗೆಲುವಿನ ಅಮಲಿನಲ್ಲಿ ಸೇನಾಪತಿ ಸುಜನಿಯ ಮುಂದೆ ಬಂದು ನಿಂತ.

ಗೋಡೆಯಗಲದ ಕಸೂತಿ ಬಟ್ಟೆ ಅದು. ಮಗಳ ಮದುವೆಗೆಂದು ಅತ್ತೆ ಹೋಲ್ಬುವಿ ವರ್ಷಗಟ್ಟಲೆ ಕೂತು, ರೇಷ್ಮೆಯಲ್ಲಿ ಅರಳಿಸಿದ ಕೆಂಪು ದಾಳಿಂಬೆಗಳು. ರೇಷ್ಮೆ ವಸ್ತ್ರ ಅಂಗಳದಲ್ಲಿತ್ತು, ಬ್ರಷ್ಷು ಕೈಯಲ್ಲೇ ಇತ್ತು. ಒಂದೇ ಒಂದು ಸಲ ಎಂದು ಎಳೆದ.

ಜರ್!

ಬಲಮೂಲೆಯ ದಾಳಿಂಬೆ ಅರ್ಧಕ್ಕರ್ಧ ಬಿಚ್ಚಿಕೊಂಡು ಬ್ರಷ್ಷಿಗೆ ಜೋತಾಡಿತು. ಕಾಯಿಲೆ ಬಿದ್ದಾಗಲೂ, ತವರು ನೆನಪಾದಾಗಲೂ ಸಬೋಹತ್ ಹೋಗಿ ಒರಗುತ್ತಿದ್ದುದು ಈ ಬಟ್ಟೆಗೇ.

"ಏನ್ರೀ ಅದು ಸದ್ದು?"

"ಜೇಡ! ದೊಡ್ಡ ಜೇಡ!"

ಆಗ ಅವನ ತಲೆಗೆ ಮಿಂಚಿನಂಥ ಉಪಾಯ ಹೊಳೆಯಿತು. ನಮ್ಮ ಕಡೆ ಹೆಂಗಸರು ಸುಜನಿಯನ್ನು ಪೂರ್ತಿ ಮುಗಿಸುವುದಿಲ್ಲ. ಮನೆಯಲ್ಲಿ ಕೆಲಸ ಮುಗಿಯದಿರಲಿ, ಬಾಳು ಮುಂದುವರಿಯಲಿ ಎಂದು ಎಲ್ಲೋ ಒಂದು ಚೂರು ಬೇಕೆಂದೇ ಹಾಗೇ ಬಿಡುತ್ತಾರೆ. ಇದೇ ಆ ಚೂರು ಎಂದರಾಯಿತು! ಚಿಮಟ ತಂದು ಉಳಿದ ಎಳೆಗಳನ್ನೂ ನಾಜೂಕಾಗಿ ಕಿತ್ತ. ಕಸೂತಿಗೆಂದು ಬಟ್ಟೆಯ ಮೇಲೆ ಬರೆದಿದ್ದ ಗೆರೆ ಮಾತ್ರ ಉಳಿಯಿತು. ಎಳೆಗಳನ್ನು ಟೋಪಿಯೊಳಗೆ ತುರುಕಿ, ತನ್ನ ಜಾಣತನಕ್ಕೆ ತಾನೇ ಬೆರಗಾದ.

ಮರುದಿನ ಅತ್ತೆ ಸೊಪ್ಪಿನ ಸಮ್ಸಾದ ಗಂಟು ಹೊತ್ತು ಬಂದರು. ಸೂರು ನೋಡಿದರು, ಬಟ್ಟಲು ನೋಡಿದರು, ತಲೆದೂಗಿದರು. ಆಮೇಲೆ ಸುಜನಿಯ ಬಲಮೂಲೆಗೆ ಮೂಗು ತಾಗಿಸಿ ನಿಂತರು.

"ಅಳಿಯಂದ್ರೇ, ಇಲ್ಲಿ ದಾಳಿಂಬೆ ಇತ್ತಲ್ಲ?"

"ಅದು... ನೀವೇ ಬೇಕಂತ ಬಿಟ್ಟಿದ್ದಲ್ವಾ ಅತ್ತೆ, ಪದ್ಧತಿ ಪ್ರಕಾರ?"

"ನಾನು ಬಿಟ್ಟಿದ್ದು ಎಡಮೂಲೇಲಿ ಒಂದು ಎಲೆ."

ಸಬೋಹತ್ ಎದ್ದು ಬಂದು ನೋಡಿದಳು. ಅವಳ ಕಣ್ಣು ತುಂಬಿತು. ಅದನ್ನು ಕಂಡ ಮೇಲೆ ಎರ್ಗಶ್‌ನಿಂದ ಇನ್ನೊಂದು ಸುಳ್ಳು ಹೊರಡಲಿಲ್ಲ. ಟೋಪಿ ತೆಗೆದ. ಕೆಂಪು ರೇಷ್ಮೆ ತಲೆಯ ಮೇಲೆ ಕೋಳಿಯ ಜುಟ್ಟಿನಂತೆ ಎದ್ದು ನಿಂತಿತು.

ಅತ್ತೆ ಬೈಯಲಿಲ್ಲ. ಕಿಸಕ್ಕೆಂದು ನಕ್ಕರು. ಸೂಜಿ ತರಿಸಿ, ಅವನ ತಲೆಯಿಂದಲೇ ಒಂದೊಂದೇ ಎಳೆ ಬಿಡಿಸಿಕೊಂಡು, ಮತ್ತೆ ದಾಳಿಂಬೆ ತುಂಬಿಸತೊಡಗಿದರು. ದಾರ ಪೋಣಿಸಿಕೊಡುವ ಕೆಲಸ ಅಳಿಯನದು. ಆ ಮುದಿ ಬೆರಳುಗಳು, ಪಕ್ಕದಲ್ಲಿ ಹೆಂಡತಿಯ ಪಟ್ಟಿ ಕಟ್ಟಿದ ಕೈ. ಇಷ್ಟು ವರ್ಷ ಈ ಮನೆ ತಾನಾಗಿಯೇ ಹೊಳೆಯುತ್ತಿತ್ತು ಎಂದುಕೊಂಡಿದ್ದನಲ್ಲ! ಎರ್ಗಶ್ ಹೆಂಡತಿಯ ಕಡೆ ತಿರುಗಿದ.

"ಸಬೋಹತ್, ಇಷ್ಟೆಲ್ಲ ನೀನೊಬ್ಬಳೇ ಮಾಡ್ತಿದ್ದೆ. ಒಂದು ದಿನವೂ ಚೆನ್ನಾಗಿದೆ ಅನ್ಲಿಲ್ಲ ನಾನು. ಅತ್ತೆ, ನಿಮ್ಮ ಋಣ ಹೇಗೆ ತೀರಿಸ್ಲಿ?"

"ದಾರ ಪೋಣ್ಸಿ, ಸಾಕು," ಎಂದರು ಅತ್ತೆ.

ಸಬೋಹತ್ ಕಣ್ಣೊರೆಸಿಕೊಂಡು ಎಡಗೈಯಿಂದ ಅವನ ಬಾಯಿಗೊಂದು ಸಮ್ಸಾ ಇಟ್ಟಳು. ಎರ್ಗಶ್‌ಗೆ ಜೀವ ಬಂತು, ಜೊತೆಗೆ ಹುರುಪೂ ಬಂತು. "ಹೇಗೂ ಸೂಜಿ ಹಿಡ್ದಿದೀರಿ ಅತ್ತೆ, ಆ ಎಡಮೂಲೆ ಎಲೇನೂ ಮುಗಿಸ್ಬಿಡಿ!"

ಹೋಲ್ಬುವಿ ಕನ್ನಡಕದ ಮೇಲಿಂದ ಅಳಿಯನನ್ನು ನೋಡಿದರು.

"ಮಗಳ ಮನೇಲಿ ಕೆಲಸ ಯಾವತ್ತೂ ಮುಗೀಬಾರದು ಅಂತ ಬಿಟ್ಟ ಎಲೆಯಪ್ಪ ಅದು. ಆಗಿನ್ನೂ ನಿಮ್ಮನ್ನ ನೋಡಿರ್ಲಿಲ್ಲ. ನೋಡಿದ್ದಿದ್ರೆ ಅವತ್ತೇ ಮುಗಿಸ್ಬಿಡ್ತಿದ್ದೆ!"