ಬೀರುವಿಗೆ ನೀಲಿ, ನನಗೆ ಜೈಲು

ಒಂದು ಬೀರುವಿಗೆ ಬಣ್ಣ ಹಚ್ಚುವುದು ಎಂಥ ಮಹಾ ಕೆಲಸ? ಇಷ್ಟು ವರ್ಷ ಬ್ಯಾಂಕಿನಲ್ಲಿ ಅಧಿಕಾರಿಯಾಗಿ ಸೇವೆ ಸಲ್ಲಿಸಿದವನಿಗೆ ಬ್ರಷ್ ಅದ್ದುವುದು ಬಾರದೇ? ಬರುತ್ತದೆ ಎಂದೇ ನಾನು ನಂಬಿದ್ದೆ.

ಬೀರು ಚೈತ್ರಳದು. ಒಂಬತ್ತು ವರ್ಷದ ಹುಡುಗಿ. ಫಾಸ್ಟರ್ ಕೇರ್ ವ್ಯವಸ್ಥೆಯಲ್ಲಿ ಬಾಲಮಂದಿರದಿಂದ ಚಾಮರಾಜಪೇಟೆಯ ನಮ್ಮ ಮನೆಗೆ ಬಂದು ಎರಡು ವರ್ಷವಾಗಿತ್ತು. ಫಾಸ್ಟರ್ ಕೇರ್ ಅಂದರೆ, ಸದ್ಯಕ್ಕೆ ಸಾಕಿಕೊಳ್ಳಿ, ನಮ್ಮದೇ ಮಗು ಎನ್ನಬೇಡಿ! ಈಗ ದತ್ತು ಕೊಡಿ ಎಂದು ನಾನೂ ನನ್ನ ಹೆಂಡತಿ ಸುಧಾಳೂ ಅರ್ಜಿ ಹಾಕಿದ್ದೆವು.

ಇಷ್ಟು ದಿನವಾದರೂ ಚೈತ್ರ ಏನನ್ನೂ ಕೇಳಿದವಳಲ್ಲ. ವಿ.ವಿ. ಪುರಂ ತಿಂಡಿ ಬೀದಿಗೆ ಕರೆದುಕೊಂಡು ಹೋಗಿ, "ಏನು ಬೇಕು ಪುಟ್ಟಾ?" ಎಂದರೆ, "ನೀವೇನ್ ತಿಂತೀರೋ ಅದೇ ಅಂಕಲ್" ಎನ್ನುವಳು. ಪಕ್ಕದಲ್ಲಿ ಯಾರದೋ ಮಗು ಐಸ್‌ಕ್ರೀಮಿಗಾಗಿ ಬೀದಿಯಲ್ಲೇ ಬಿದ್ದು ಹೊರಳುತ್ತಿದ್ದರೆ, ಬೆವರು ಒರೆಸಿಕೊಳ್ಳುತ್ತಿದ್ದ ಅದರ ಅಪ್ಪನನ್ನು ಕಂಡು ನನಗೆ ಹೊಟ್ಟೆಕಿಚ್ಚು. ನಮ್ಮವಳೂ ಒಂದು ಸಲ ಹಾಗೆ ಹೊರಳಬಾರದೇ!

ಹೀಗಿರುವಾಗ ಒಂದು ಸಂಜೆ ಅವಳು ತನ್ನ ಕೋಣೆಯ ಹಳೇ ಮರದ ಬೀರುವನ್ನು ಸವರುತ್ತಾ, "ಇದು ನೀಲಿ ಇದ್ದಿದ್ರೆ ಚೆನ್ನಾಗಿರ್ತಿತ್ತು" ಎಂದಳು. ಅಷ್ಟೇ! ನಾನು ಚಪ್ಪಲಿ ಮೆಟ್ಟಿಕೊಂಡು ಬಣ್ಣದ ಅಂಗಡಿಗೆ ಓಡಿದೆ.

"ನಾಳೆ ಮಧ್ಯಾಹ್ನ ದತ್ತು ಆಫೀಸಿನ ಮೇಡಂ ಮನೆ ನೋಡೋಕೆ ಬರ್ತಿದಾರೆ. ಅವರು ಹೋದ್ಮೇಲೆ ಪೇಂಟರ್ ಕರೆಸೋಣ ರೀ" ಎಂದಳು ಸುಧಾ.

"ಅವರು ನೋಡ್ಲಿ ಅಂತಾನೇ ಹಚ್ತಿರೋದು!"

ಮರುದಿನ ಬೆಳಿಗ್ಗೆಯೇ ಬೀರುವಿಗೆ ಒಂದು ಕೋಟ್ ಆಯಿತು. ಡಬ್ಬದಲ್ಲಿ ಬಣ್ಣ ಉಳಿಯಿತು. ವ್ಯರ್ಥವಾಗಬಾರದೆಂದು ಕೋಣೆಯ ಬಾಗಿಲಿಗೂ ಚೌಕಟ್ಟಿಗೂ ಧಾರಾಳವಾಗಿ ಬಳಿದೆ. ವಾಸನೆ ಹಾಲ್‌ಗೆ ಹೋಗದಿರಲೆಂದು ಬಾಗಿಲನ್ನು ಒಳಗಿನಿಂದ ಒತ್ತಿ ಮುಚ್ಚಿ, ಕಿಟಕಿ ತೆರೆದು, ಬೀರುವಿಗೆ ಎರಡನೇ ಕೋಟ್ ಶುರುಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಮುಗಿಸಿ ಎದ್ದು ಬಾಗಿಲು ಎಳೆದರೆ, ಬರಲಿಲ್ಲ. ಬಣ್ಣ ಅರ್ಧಂಬರ್ಧ ಒಣಗಿ ಬಾಗಿಲೂ ಚೌಕಟ್ಟೂ ಒಂದಾಗಿದ್ದವು. ಜೋರಾಗಿ ಎಳೆದೆ. ಹಿಡಿ ಕೈಗೆ ಬಂತು. ಬಾಗಿಲು ಬರಲಿಲ್ಲ!

ಅಷ್ಟರಲ್ಲಿ ಕಾಲಿಂಗ್ ಬೆಲ್ ಆಯಿತು. ಮೇಡಂ ಬಂದೇಬಿಟ್ಟರು.

"ಯಜಮಾನ್ರು ಎಲ್ಲಿ?"

"ಒಳಗಿದಾರೆ ಮೇಡಂ" ಎಂದಳು ಸುಧಾ.

"ಕರೀರಿ."

"ಬರೋಕಾಗಲ್ಲ."

"ಹುಷಾರಿಲ್ವಾ?"

"ಹಾಗೇನಿಲ್ಲ... ಅಂಟ್ಕೊಂಡಿದಾರೆ."

ಪರಿಸ್ಥಿತಿ ಕೈಮೀರುವ ಮೊದಲು ನಾನೇ ಬಾಗಿಲ ಹಿಂದಿನಿಂದ ಘೋಷಿಸಿದೆ: "ನಮಸ್ಕಾರ ಮೇಡಂ! ದಯವಿಟ್ಟು ಆಸೀನರಾಗಿ! ಮಗುವಿನ ಸುರಕ್ಷತೆಗೆ ನಮ್ಮಲ್ಲಿ ಸಕಲ ವ್ಯವಸ್ಥೆ ಇದೆ!"

ಆ ಕಡೆ ಮೇಡಂ ಫೈಲು ತೆರೆದ ಸದ್ದಾಯಿತು.

ನಾನು ನೆಲದ ಮೇಲೆ ಕುಸಿದು ಕೂತೆ. ಒಂದು ಡಬ್ಬ ಬಣ್ಣಕ್ಕೆ ಮಗುವನ್ನೇ ಕಳೆದುಕೊಂಡೆನಲ್ಲ! ಕಣ್ಣಲ್ಲಿ ನೀರು ಬಂತು. ಬಣ್ಣದ ಘಾಟಿಗೆ ಎಂದುಕೊಳ್ಳಿ. ಆಗ ಬಾಗಿಲ ಕೆಳಗಿನ ಸಂದಿಯಿಂದ ಚೈತ್ರಳ ಧ್ವನಿ ಬಂತು.

"ಅಂಕಲ್, ಹೆದರ್ಕೋಬೇಡಿ. ನಾನಿಲ್ಲೇ ಇದೀನಿ."

ಈ ಮಾತನ್ನು ಅವಳಿಗೆ ಹೇಳಬೇಕೆಂದು ನಾನು ಎಷ್ಟು ದಿನದಿಂದ ಕಾದಿದ್ದೆ! ಹೇಳಲು ಅವಳೊಮ್ಮೆಯೂ ಅವಕಾಶ ಕೊಟ್ಟಿರಲಿಲ್ಲ. ಕೆನ್ನೆಯನ್ನು ನೆಲಕ್ಕೊತ್ತಿ, "ಹೂಂ ಪುಟ್ಟಾ, ಹೋಗ್ಬೇಡ" ಎಂದೆ.

ಕೊನೆಗೆ ಸುಧಾ ಮಹಡಿ ಮನೆಯ ನಾಗರಾಜ್ ಅವರನ್ನು ಕರೆತಂದಳು. ರಿಟೈರಾದ ಪಿ.ಟಿ. ಮೇಷ್ಟ್ರು. "ಸರೀರಿ ಸಾರ್!" ಎಂದು ಕೂಗಿದರು. ನಾನು ಎತ್ತ ಸರಿಯಲಿ ಎಂದು ಯೋಚಿಸುತ್ತಿರುವಾಗಲೇ ಬಾಗಿಲಿಗೆ ಹೆಗಲು ಕೊಟ್ಟರು. ಬಾಗಿಲು ತೆರೆಯಿತು. ನಾನು ಹಾರಿ ಬೀರುವಿಗೆ ಅಪ್ಪಳಿಸಿದೆ. ನನ್ನ ಬೆನ್ನಿನ ಅಚ್ಚು ಅದರ ಮೇಲೆ ಮೂಡಿತು. ಅದರ ಬಣ್ಣ ನನ್ನ ಮೇಲೆ!

ಹೊರಬಂದ ನೀಲಿ ಮನುಷ್ಯನನ್ನು ಕಂಡು ಚೈತ್ರ ಮೊದಲು ಬಾಯಿಗೆ ಕೈ ಅಡ್ಡ ಇಟ್ಟಳು. ಆಮೇಲೆ ತಡೆಯಲಾಗದೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಮ್ಮ ಮನೆಯಲ್ಲಿ ಅಷ್ಟು ಜೋರಾಗಿ ಅವಳು ನಕ್ಕಿದ್ದು ಅದೇ ಮೊದಲು.

ಮೇಡಂ ಅವಳನ್ನು ಹತ್ತಿರ ಕರೆದು, "ಇವರ ಜೊತೇಲೇ ಇರ್ತೀಯಾಮ್ಮಾ?" ಎಂದು ಕೇಳಿದರು.

"ಇರ್ಲೇಬೇಕು ಮೇಡಂ. ಆಂಟಿ ಒಬ್ರೇ ಹೇಗೆ ಸುಧಾರಿಸ್ತಾರೆ?"

ಮೇಡಂ ಅದನ್ನು ಗಂಭೀರವಾಗಿ ಬರೆದುಕೊಂಡರು!

ದತ್ತು ಆದೇಶ ಇನ್ನೂ ಬಂದಿಲ್ಲ. ಫೋನ್ ರಿಂಗಾದಾಗಲೆಲ್ಲ ನಾನೂ ಸುಧಾಳೂ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡು ಓಡುತ್ತೇವೆ. ಚೈತ್ರ ಮಾತ್ರ ನಿಶ್ಚಿಂತೆ. ನಿನ್ನೆ ಸುಧಾ ತರಕಾರಿಗೆ ಹೊರಟಾಗ ಅವಳ ಸೆರಗು ಜಗ್ಗಿ ಪಿಸುಗುಟ್ಟಿದ್ದು ನನಗೂ ಕೇಳಿಸಿತು.

"ಆಂಟಿ, ಅಂಕಲ್ ಒಬ್ರನ್ನೇ ಬಿಟ್ಟು ಹೋಗೋದು ಬೇಡ. ನೀವು ಹೋಗ್ಬನ್ನಿ, ನಾನು ನೋಡ್ಕೋತೀನಿ."