ಬಾವುಟ ಯಾವುದೆಂದು ಹೇಳದೆ ಹೋದ ಹಡಗಿಗೆ

ಫ್ರೆಂಚ್ ಹಾಯಿಹಡಗು ‘ಲಾ ಕಾನ್‌ಸ್ತಾಂತ್’ ಅವರ ಸನ್ನಿಧಾನಕ್ಕೆ,
(ಹಾಲಿ ವಿಳಾಸ ಕಡಲ ತಳವೋ, ಕಟ್ಟಿಗೆ ಅಡ್ಡೆಯೋ, ತಿಳಿದುಬಂದಿಲ್ಲ)

ಮಾನ್ಯರೇ,

ಸಮುದ್ರ ಎತ್ತ ನೋಡಿದರೂ ಕಾಣದ ಬೀದರ ನಗರದ ಚಿದ್ರಿಯಿಂದ ತಮಗೆ ಶರಣು, ಸಲಾಂ ಎರಡೂ ಸಲ್ಲುತ್ತವೆ. ಭಾಲ್ಕಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿ, ಇಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿರುವ ಶಿವಕಾಂತ ಎಂಬ ನಾನು, ಔರಾದದ ಅತ್ತೆಮನೆಗೆ ಹೋಗುವಾಗ ಬಸ್ಸಿನಲ್ಲಿ ಮಾಂಜ್ರಾ ಹೊಳೆ ದಾಟುವುದನ್ನೇ ಜಲಯಾನವೆಂದು ನಂಬಿ ಬದುಕಿದವನು. ತಮ್ಮಂಥ ಯುದ್ಧನೌಕೆಗೆ ಪತ್ರ ಬರೆಯುವ ಯೋಗ ಬರುತ್ತದೆಂದು ನೆನೆಸಿದವನಲ್ಲ.

ಆ ಯೋಗ ತಂದವರು ನಮ್ಮ ನೆರೆಮನೆಯ ಫಕ್ರೋದ್ದೀನ ಉಸ್ತಾದರು. ಕರಿ ಲೋಹದ ಮೈಯಲ್ಲಿ ಬೆಳ್ಳಿ ಕೂರಿಸುವ ಬಿದರಿ ಕೆಲಸ ಅವರ ಮನೆತನದ್ದು. ಗಿರಾಕಿಗಳ ಕಾಗದ ಓದಿ ಹೇಳುವ ಕೆಲಸ ನನ್ನದು. ಪುದುಚೇರಿಯ ಗಿರಾಕಿಯೊಬ್ಬರು ತಾವು ಯುದ್ಧದಲ್ಲಿರುವ ಹಳೆಯ ಚಿತ್ರವೊಂದನ್ನು ಮೊಬೈಲಿಗೆ ಕಳಿಸಿ, ಈ ಹಡಗನ್ನು ಬಿದರಿಯಲ್ಲಿ ಮಾಡಿ, ಅದರ ಬಾವುಟವೂ ಇರಲಿ ಎಂದರು. ಚಿತ್ರದಲ್ಲಿ ತೋಪಿನ ಹೊಗೆ ಕವಿದು ಬಾವುಟವೇ ಮುಚ್ಚಿಹೋಗಿತ್ತು. ನನ್ನ ದೂರು ಆ ಹೊಗೆಯಿಂದಲೇ ಶುರುವಾಗುತ್ತದೆ.

ತಮ್ಮ ಸೇವಾಚರಿತ್ರೆಯನ್ನು ಹುಡುಕಿ ಓದಿ ಧನ್ಯನಾದೆ. ರಾಜನ ಕಾಲದಲ್ಲಿ ಅಚ್ಚ ಬಿಳಿ ಬಾವುಟ ಹಾರಿಸಿ ನೀರಿಗಿಳಿದಿರಿ. ಅರಸೊತ್ತಿಗೆ ಉರುಳಿದ ಮೇಲೆ ಮೂರು ಬಣ್ಣದ್ದು ಏರಿಸಿದಿರಿ. ಒಂದು ಮಂಜಿನ ಬೆಳಗ್ಗೆ ಒಂದೂ ಗುಂಡು ಹಾರಿಸದೆ ಇಂಗ್ಲಿಷರ ಕೈಸೇರಿ, ಅವರ ಬಾವುಟ ಹೊತ್ತು ತಮ್ಮವರ ಕಡೆಗೇ ತೋಪು ತಿರುಗಿಸಿದಿರಿ. ತಮ್ಮವರು ಮರಳಿ ಹಿಡಿದಾಗ ಏನೂ ಆಗಿಲ್ಲವೆಂಬಂತೆ ಬಂದಿರಿ. ಮತ್ತೆ ಇಂಗ್ಲಿಷರು ಹಿಡಿದಾಗಲೂ ಅಷ್ಟೇ ಗಾಂಭೀರ್ಯದಿಂದ ಹೋದಿರಿ. ಕಟ್ಟಕಡೆಗೆ ಹಾಯಿಕಂಬ ಕಳಚಿಸಿಕೊಂಡು ಬಂದರಿನ ಮೂಲೆಯಲ್ಲಿ ಕಲ್ಲಿದ್ದಲಿನ ಗೋದಾಮಾಗಿ ನಿವೃತ್ತರಾದಿರಿ. ಇಷ್ಟಾಗಿಯೂ ತಮ್ಮ ಹೆಸರಿನ ಅರ್ಥ ‘ಸ್ಥಿರಚಿತ್ತೆ’ ಎಂದು ತಿಳಿದಾಗ, ಹೆಸರಿಟ್ಟವರ ದೂರದೃಷ್ಟಿಗೆ ಕೈಮುಗಿದೆ. ನಮ್ಮ ಕಡೆಯೂ ಪಕ್ಷ ಬದಲಿಸುವ ಹಿರಿಯರಿದ್ದಾರೆ. ಆದರೆ ಅವರು ಪ್ರತಿ ಸಲ ಹೊಸ ಶಾಲು ಹೊದ್ದು ಫೋಟೊ ಹೊಡೆಸಿಕೊಳ್ಳುವುದರಿಂದ, ಇವತ್ತು ಎಲ್ಲಿದ್ದಾರೆಂದಾದರೂ ಜನಕ್ಕೆ ತಿಳಿಯುತ್ತದೆ. ಪ್ರಾಸದ ಚಟ ಬಿಡದ ನಾನು ತಮಗಾಗಿ ಎರಡು ಸಾಲು ಹೊಸೆದೆ:

ಒಮ್ಮೆ ಬಿಳಿ, ಒಮ್ಮೆ ನೀಲಿ, ಒಮ್ಮೆ ಕೆಂಪು ಜರಿ,
ಕೊನೆಗೆ ಬಿದ್ದ ಕಲ್ಲಿದ್ದಲಿನ ಕರಿಯೇ ನಿಮಗೆ ಸರಿ.

ಬಿದರಿಯಲ್ಲಿ ಇರುವುದು ಕಪ್ಪು, ಬೆಳ್ಳಿ ಎರಡೇ ಬಣ್ಣ. ಹಾಗಾಗಿ ರಾಜನ ಕಾಲದ ಬಿಳಿಯೇ ಸುಲಭವೆಂದು ನಾನೇ ಸಲಹೆ ಕೊಟ್ಟೆ. ಆ ಬಾವುಟವನ್ನು ಉಸ್ತಾದರು ಮಗಳು ಫರಹತಳಿಗೆ ಬಿಟ್ಟರು. ಡಿಗ್ರಿ ಮುಗಿಸಿ, ನೌಕರಿಯ ಮಾತೆತ್ತದೆ, ಅಪ್ಪನ ಪಕ್ಕ ಉಳಿ ಹಿಡಿದು ಕೂತ ಹುಡುಗಿಯ ಮೊದಲ ಕೆಲಸವದು. ಅವಳು ಬರೀ ಬೆಳ್ಳಿ ತಗಡು ಕೂರಿಸಲು ಹೊರಟಾಗ ಉಸ್ತಾದರು ಹೌಹಾರಿದರು: “ಇಷ್ಟ್ ಜಾಗಾ ಖಾಲಿ ಬಿಟ್ರ ಗಿರಾಕಿ ಏನಂತಾನ್ರೀ? ಉಸ್ತಾದಗ ನಿದ್ದಿ ಹತ್ತಿತ್ತು ಅಂತಾನ!” ಖಾಲಿ ಜಾಗ ಕಂಡರೆ ಬಳ್ಳಿ ಬಿಡಿಸದೆ ಬಿಡದ ಮನೆತನ. ಫರಹತ ಬಾವುಟದ ತುಂಬ ಹೂಬಳ್ಳಿ ಹರಿಸಿದಳು. ಇತ್ತ ಅವಳ ತಾಯಿ ರಹೀಮುನ್ನಿಸಾ, “ಮುಚ್ಚಳ ಇಲ್ಲದ ಸಾಮಾನು ಯಾವ ಕೆಲ್ಸಕ್ಕ ಬರ್ತದ್ರೀ?” ಎಂದು ಕೇಳಿದ್ದಕ್ಕೆ, ಎಲೆ-ಅಡಿಕೆಯ ಪಾನದಾನ ಮಾಡಿಯೇ ಪಳಗಿದ ಉಸ್ತಾದರು ಹಡಗಾದ ತಮ್ಮ ಮೇಲಟ್ಟಕ್ಕೊಂದು ಮುಚ್ಚಳವನ್ನೂ ಕೂರಿಸಿದರು.

ಫೋಟೊ ನೋಡಿದ ಪುದುಚೇರಿಯವರು ಮುಚ್ಚಳ ಮೆಚ್ಚಿ, ಬಾವುಟಕ್ಕೆ ಮುನಿದರು. ಇದು ಯಾವ ದೇಶದ್ದೂ ಅಲ್ಲ, ಕಿತ್ತು ತೆಗೆದು ಮೂರು ಪಟ್ಟಿಯದು ಹಾಕಿ ಎಂದರು. ಅವರಿಗೆ ತಿಳಿಯದ ಮಾತೊಂದಿದೆ. ಹೊಸ ಕೈಯ ಮೊದಲ ಕೆಲಸವನ್ನು ಕಿತ್ತರೆ ಆ ಕೈ ಮುಂದೆ ಉಳಿ ಹಿಡಿಯಬಾರದೆಂಬುದು ಆ ಮನೆಯ ಪದ್ಧತಿ. ಕೋಟೆಯ ಮಣ್ಣು ಹಾಕಿ ಲೋಹ ಕಪ್ಪಾಗಿಸಿದ ಮೇಲೆ ಯಾರೂ ಯಾವುದನ್ನೂ ಕೀಳುವುದಿಲ್ಲ. ಆದರೆ ಮಣ್ಣು ಇನ್ನೂ ಹಾಕಿರಲಿಲ್ಲ. ಫರಹತ ನಗುತ್ತಲೇ ಹೇಳಿದಳು, “ಆ ಜಹಾಜಿಗೇ ತನ್ನದು ಯಾವ ಝಂಡಾ ಅಂತ ಗೊತ್ತಿಲ್ಲ ಅಂಕಲ್, ಅವರಿಗ್ ಹ್ಯಾಂಗ ಗೊತ್ತಾಯ್ತು?” ನಗು ಬಾಯಲ್ಲಷ್ಟೇ ಇತ್ತು, ಉಳಿಯನ್ನು ಆಗಲೇ ಒರೆಸಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದಳು.

ಆದ್ದರಿಂದ ತಾವು ಕೃಪೆಮಾಡಿ ಇದ್ದಲ್ಲಿಂದ ಎದ್ದು, ಇಂಗ್ಲಿಷರು ತಮ್ಮನ್ನು ಹಿಡಿದದ್ದನ್ನೆಲ್ಲ ರದ್ದುಪಡಿಸಿ, ರಾಜನನ್ನು ಮತ್ತೆ ಪಟ್ಟಕ್ಕೇರಿಸಿ, ಅವನಿಗೆ ಹೂಬಳ್ಳಿಯೆಂದರೆ ಬಲು ಪ್ರೀತಿಯಿತ್ತೆಂದು ಪುದುಚೇರಿಗೊಂದು ದೃಢೀಕರಣ ಕಳಿಸಬೇಕೆಂದು ವಿನಂತಿಸಿ ಈ ಪತ್ರ ಇಲ್ಲಿಗೆ ಮುಗಿಸಿದ್ದೆ. ಸಹಿ ಹಾಕುವ ಮೊದಲು ಓದಿ ಹೇಳೋಣವೆಂದು ಉಸ್ತಾದರ ಮನೆಗೆ ಹೋದೆ.

ಅವರು ಪೂರ್ತಿ ಕೇಳಿದರು. ಬಿದರಿ ರೂಪದ ತಮ್ಮನ್ನು ಕೈಗೆತ್ತಿಕೊಂಡು ಬಾವುಟದ ಮೇಲೆ ಹೆಬ್ಬೆರಳು ಆಡಿಸಿದರು. “ಇಷ್ಟ್ ಮಂದೀದು ಝಂಡಾ ಹಾರಿಸ್ಯಾದ ಅಂತೀರಿ, ನಮ್ ಹುಡುಗೀದೂ ಒಂದ್ ಹಾರಿಸ್ಲಿ ಬಿಡ್ರಿ. ಅವರಿಗಿ ಬ್ಯಾಡಾದ್ರ ನಮ್ ಮನ್ಯಾಗ ಇರ್ತದ,” ಎಂದವರೇ ಒಳಗೆ ತಿರುಗಿ ಕೂಗಿದರು: “ಫರಹತ, ಮಣ್ಣು ತಾ.”

ಮಣ್ಣು ಬಂತು. ಅವಳೇ ಹಚ್ಚಿದಳು, ಅವಳೇ ತೊಳೆದಳು. ತಾವು ಕಲ್ಲಿದ್ದಲಿನಷ್ಟೇ ಕಪ್ಪಾದಿರಿ. ಮೇಲೆ ಬಾವುಟವೊಂದು ಹೂಬಿಟ್ಟು ಬೆಳಗಿತು. ಮಾನ್ಯರೇ, ತಮ್ಮನ್ನು ಬೀದರಿನವರು ಸೆರೆಹಿಡಿದಿದ್ದಾರೆಂದು ಈ ಮೂಲಕ ತಿಳಿಸುತ್ತೇನೆ. ವಾಡಿಕೆಯಂತೆ ಈ ಸಲವೂ ತಾವು ಒಂದೂ ಗುಂಡು ಹಾರಿಸಲಿಲ್ಲ.

ಬಾವುಟ ಯಾವುದಾದರೂ ಬದಲಾಗದ,
ತಮ್ಮ ವಿಶ್ವಾಸಿ,
ಶಿವಕಾಂತ

ತಾ.ಕ.: ಅಷ್ಟೆಲ್ಲ ದೇಶದವರ ಕೈಯಲ್ಲಿ ತೇಲಿದ ತಾವು, ರಹೀಮುನ್ನಿಸಾ ಅವರು ಪರೀಕ್ಷೆಗೆಂದು ಬಿಟ್ಟ ಬಕೆಟ್ಟಿನಲ್ಲಿ ನೆಟ್ಟಗೆ ಮುಳುಗಿದಿರಿ. ಪುದುಚೇರಿಯವರು ಬೇಡವೆಂದಿದ್ದಾರೆ, ಹೀಗಾಗಿ ಸದ್ಯಕ್ಕೆ ಅಡಿಕೆ, ಲವಂಗ ಕಾಯುವ ಕೆಲಸ ತಮ್ಮದು. ಕಲ್ಲಿದ್ದಲಿನಿಂದ ಲವಂಗಕ್ಕೆ ಬಂದದ್ದನ್ನು ಬಡ್ತಿಯೆಂದೇ ತಿಳಿಯತಕ್ಕದ್ದು. ಮತ್ತೆ ಪಕ್ಷ ಬದಲಿಸುವ ಮನಸ್ಸಾದರೆ ಫರಹತಳನ್ನು ಕೇಳಿ. ಉಳಿ ಈಗ ಅವಳ ಕೈಯಲ್ಲೇ ಇದೆ.