ಮೇಡಮ್ಮನ್ನು ಹೆಸರು ಹಿಡಿದು ಕರೆಯುವುದು

ಕೆಲವರಿಗೆ ಹಾವು ಕಂಡರೆ ಭಯ, ಕೆಲವರಿಗೆ ಲಿಫ್ಟ್ ಕಂಡರೆ ಭಯ. ನನಗೆ ಪಾಠ ಹೇಳಿಕೊಟ್ಟವರ ಹೆಸರನ್ನು ಅವರೆದುರೇ ಹೇಳುವುದೆಂದರೆ ಭಯ. ಇದು ರೋಗವಲ್ಲ, ಸಂಸ್ಕಾರ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ನನ್ನ ಅಮ್ಮ ಚಿತ್ರದುರ್ಗದ ಹೈಸ್ಕೂಲೊಂದರಲ್ಲಿ ಟೀಚರು. ಅವಳದೇ ತರಗತಿಯಲ್ಲಿ ಮೂರು ವರ್ಷ ಕುಳಿತು ಅವಳನ್ನು ಎಲ್ಲರಂತೆ 'ಮಿಸ್' ಎಂದೇ ಕರೆಯುತ್ತಿದ್ದೆ. ಅಭ್ಯಾಸಬಲದಿಂದ ಒಮ್ಮೆ ಮನೆಯಲ್ಲೂ "ಮಿಸ್, ಇನ್ನೊಂದು ದೋಸೆ" ಎಂದುಬಿಟ್ಟೆ. ಅಮ್ಮ ತಿದ್ದಲಿಲ್ಲ. ದೋಸೆ ಹಾಕಿದಳು.

ಇಂಥ ನಾನು ಸ್ಕ್ಯಾಂಡಿನೇವಿಯದ ಸಂಸ್ಕೃತಿ ಮತ್ತು ಇತಿಹಾಸ ಓದುತ್ತೇನೆಂದು ಸ್ವೀಡನ್ನಿನ ಯೋನ್‌ಶೋಪಿಂಗಿಗೆ ಹೋದೆ. "ಅದನ್ನ ಓದಿ ಏನ್ ಮಾಡ್ತೀಯಮ್ಮಾ?" ಎಂದು ಚಿಕ್ಕಪ್ಪ ಕೇಳಿದ್ದರು. ಬಂದ ಮೇಲೆ ಹೇಳುತ್ತೇನೆ ಎಂದು ವಿಮಾನ ಹತ್ತಿದೆ. ಮೊದಲ ದಿನವೇ ತರಗತಿಗೆ ಕೆಂಪು ಸ್ವೆಟರಿನ ಹಿರಿಯರೊಬ್ಬರು ತಮ್ಮ ಕಾಫಿಯನ್ನು ತಾವೇ ಹಿಡಿದುಕೊಂಡು ಬಂದು ಮೇಜಿನ ಮೇಲೆ ಕುಳಿತು, "ನಾನು ಬಿರ್ಗಿತ್ತಾ. ಹಾಗೇ ಕರೀರಿ" ಎಂದರು. ಅವರು ವಿಭಾಗದ ಮುಖ್ಯಸ್ಥೆ. ವಯಸ್ಸು ನನ್ನ ದೊಡ್ಡಮ್ಮನಿಗಿಂತ ಹೆಚ್ಚು. ಪಕ್ಕದಲ್ಲಿದ್ದ ಎಮಿಲ್ ಎಂಬ ಹುಡುಗ ತಕ್ಷಣ, "ಬಿರ್ಗಿತ್ತಾ, ಕಿಟಕಿ ಮುಚ್ಲಾ?" ಎಂದ. ನಾನು ಭೂಮಿ ಬಾಯಿ ಬಿಡುವುದನ್ನು ಕಾದೆ. ಅವರು "ಮುಚ್ಚು" ಎಂದರು, ಅಷ್ಟೆ.

ಮುಂದಿನ ಎರಡು ವರ್ಷ ನಾನು ಆ ಹೆಸರನ್ನು ಒಮ್ಮೆಯೂ ಉಚ್ಚರಿಸದೆ ಕಳೆದೆ. (ಅವರ ಬೆನ್ನ ಹಿಂದೆ ಇದನ್ನು ಬರೆಯುವಾಗಲೂ ಬಹುವಚನ ಬಿಡಲು ಕೈ ಬರುತ್ತಿಲ್ಲ, ನೋಡಿ.) ಒಮ್ಮೆ "ಮೇಡಂ" ಎಂದು ನೋಡಿದೆ. ಯಾರೋ ಬಂದಿದ್ದಾರೆಂದು ಅವರು ಹಿಂದೆ ತಿರುಗಿ ನೋಡಿದರು. ಆಮೇಲೆ ಕೆಮ್ಮುವುದನ್ನು ರೂಢಿಸಿಕೊಂಡೆ. ಕಾರಿಡಾರಿನಲ್ಲಿ ಅವರ ಹಿಂದೆ ನಾಲ್ಕು ಹೆಜ್ಜೆ ನಡೆದು ಒಂದು ಸಲ ಕೆಮ್ಮಿದರೆ ನಿಲ್ಲುತ್ತಿದ್ದರು. ಸ್ಕೈಪಿನಲ್ಲಿ ಅಮ್ಮನಿಗೆ ಕಷ್ಟ ತೋಡಿಕೊಂಡೆ. "ಹೆಸರು ಹಿಡಿದು ಕರೀಬೇಡ ಕಣೇ, ನಾಲಿಗೆ ಬಿದ್ದೋಗತ್ತೆ. ಕೆಮ್ಮಿಗೆ ಶುಂಠಿ ಕಷಾಯ ಮಾಡ್ಕೊ" ಎಂದಳು.

ಪ್ರಬಂಧ ಬರೆಯುವ ಕಾಲ ಬಂದಾಗ ವಿಷಯ ಸೂಚಿಸಿದವರೂ ಅವರೇ. ಒಂದು ಕಾಲಕ್ಕೆ ಸ್ವೀಡನ್ನಿನ ಜನವೂ ಹುದ್ದೆ ಹಿಡಿದೇ ಮಾತಾಡಿಸುತ್ತಿದ್ದರಂತೆ: "ಡೈರೆಕ್ಟರಿಗೆ ಕಾಫಿ ಬೇಕೇ?" ಎದುರಿಗಿರುವವರ ಹುದ್ದೆ ಗೊತ್ತಿಲ್ಲದಿದ್ದರೆ, "ಕಾಫಿ ಕುಡಿಯಲಾಗುವುದೇ?" ಎಂದು ಗಾಳಿಯನ್ನು ಕೇಳುವುದು. ಆಮೇಲೆ ಅರವತ್ತರ ದಶಕದ ಕೊನೆಯ ಹೊತ್ತಿಗೆ ಇದನ್ನೆಲ್ಲ ಕಿತ್ತೆಸೆದು ದೊಡ್ಡವರು ಚಿಕ್ಕವರೆನ್ನದೆ ಹೆಸರು ಹಿಡಿದು ಕರೆಯತೊಡಗಿದರು. ನನಗೆ ರೋಮಾಂಚನವಾಯಿತು. ಸಮಾನತೆಯನ್ನು ಕೊಂಡಾಡಿ ಅರವತ್ತು ಪುಟ ಬರೆದೆ. ಬರೆದದ್ದನ್ನು ತೆಗೆದುಕೊಂಡು ಹೋಗಿ, ಅವರ ಬಾಗಿಲಲ್ಲಿ ಕೆಮ್ಮಿ, "ಮೂರನೇ ಅಧ್ಯಾಯ ನೋಡಲಾಯಿತೇ?" ಎಂದು ಕೇಳುತ್ತಿದ್ದೆ.

ಅಲ್ಲಿ ಪ್ರಬಂಧವನ್ನು ಎಲ್ಲರೆದುರು ಸಮರ್ಥಿಸಿಕೊಳ್ಳಬೇಕು. ತಪ್ಪು ಹುಡುಕಲು ಸಹಪಾಠಿಯೊಬ್ಬನನ್ನೇ ನೇಮಿಸುತ್ತಾರೆ. ನನಗೆ ಸಿಕ್ಕವನು ಎಮಿಲ್. ನಪಾಸಾದರೆ ಪದವಿಯಿಲ್ಲ, ವೀಸಾ ಬೇರೆ ಮುಗಿಯುತ್ತಿತ್ತು, ಬರಿಗೈಯಲ್ಲಿ ಚಿಕ್ಕಪ್ಪನ ಮುಂದೆ ನಿಲ್ಲಬೇಕಿತ್ತು. ಹೆದರಿ ಬೆಳಗಿನಿಂದ ಏನೂ ತಿಂದಿರಲಿಲ್ಲ. ಎಮಿಲ್ ಪುಟ ತಿರುವಿ, "ಹೆಸರು ಹಿಡಿದು ಕರೆಯೋದು ಯಾರಿಗಾದ್ರೂ ಒಂದು ವಾರದಲ್ಲಿ ಅಭ್ಯಾಸ ಆಗತ್ತೆ ಅಂತ ಬರೆದಿದ್ದೀಯ. ನೀನು ಬಿರ್ಗಿತ್ತಾನ ಏನಂತ ಕರೀತೀಯ?" ಎಂದ.

ನಾನು ಕೆಮ್ಮಿದೆ.

"ಹೀಗೇ ಕರೀತಾಳೆ. ಮೊದಲ ಆರು ತಿಂಗಳು ಅಸ್ತಮಾ ಅಂದ್ಕೊಂಡಿದ್ದೆ" ಎಂದು ಬಿರ್ಗಿತ್ತಾ ಶಾಂತವಾಗಿ ಹೇಳಿದರು. ಪರೀಕ್ಷಕರು ಕನ್ನಡಕ ತೆಗೆದರು. "ಹಾಗಾದ್ರೆ ಆ ಪುಟ ಸುಳ್ಳಾ?" ಸುಳ್ಳೆಂದರೆ ಪ್ರಬಂಧ ಬಿತ್ತು. "ಇಲ್ಲ, ನಾನೂ ಕರೀತೀನಿ" ಎಂದೆ. "ಸರಿ, ಕರಿ ನೋಡೋಣ" ಎಂದರು. ಹನ್ನೊಂದು ಜನ ಕಾಫಿ ಕುಡಿಯುವುದನ್ನು ನಿಲ್ಲಿಸಿ ನನ್ನ ಬಾಯಿ ನೋಡಿದರು. ನಾನು ಎದ್ದು ನಿಂತೆ. ಕೈಗಳು ತಾವಾಗಿಯೇ ಕಟ್ಟಿಕೊಂಡವು. "ಬಿರ್ಗಿತ್ತಾ" ಎಂದೆ.

"ಹೇಳು" ಎಂದರು ಅವರು.

"ತಪ್ಪಾಯ್ತು, ಮೇಡಂ."

ನಗು ನಿಂತ ಮೇಲೆ ಪರೀಕ್ಷಕರು, 'ಒಂದು ವಾರ' ಎಂಬುದನ್ನು ಹೊಡೆದುಹಾಕಿ ನನ್ನ ಎರಡು ವರ್ಷಗಳ ಕೆಮ್ಮಿನ ವೃತ್ತಾಂತವನ್ನು ಪ್ರಾಮಾಣಿಕವಾಗಿ ಸೇರಿಸಬೇಕೆಂಬ ಷರತ್ತಿನ ಮೇಲೆ ಪಾಸು ಮಾಡಿದರು. ಇಡೀ ಪ್ರಬಂಧದಲ್ಲಿ ಸ್ವಂತ ಸಂಶೋಧನೆ ಎಂಬುದು ಅದೊಂದೇ ಎಂದೂ ಹೇಳಿದರು. ನನಗೆ ನಿಜಕ್ಕೂ ಅಳು ಬರುವಷ್ಟು ಸಂತೋಷವಾಯಿತು.

ಆ ಸಂಜೆ ಅದೇ ಊರಲ್ಲಿ ನೆಲೆಸಿದ್ದ ಬೆಂಗಳೂರಿನ ಪಲ್ಲವಿ ಎಂಬವರು ಕೇಸರಿಬಾತ್ ಮಾಡಿ ಮನೆಗೆ ಕರೆದರು. ಅವರ ಐದು ವರ್ಷದ ಮಗಳು ಹುಟ್ಟಿದ್ದು ಬೆಳೆದಿದ್ದು ಎಲ್ಲ ಸ್ವೀಡನ್ನಿನಲ್ಲೇ. ಬಾಗಿಲು ತೆಗೆದ ಕೂಡಲೇ ಮಗು ಓಡಿಬಂದು ಸ್ವೀಡಿಷಿನಲ್ಲಿ, "ಅಭಿನಂದನೆ, ಶೈಲಜಾ!" ಎಂದಿತು. ನನ್ನ ನಗು ತುಸು ಕುಗ್ಗಿತು. ಪಲ್ಲವಿ ಗಮನಿಸಿ, "ಪುಟ್ಟೀ, ಶೈಲಜಾ ಅಕ್ಕ ಅನ್ಬೇಕು" ಎಂದರು.

"ಯಾಕೆ?" ಎಂದು ಮಗು ನನ್ನನ್ನೇ ಕೇಳಿತು.

ಈ ವಿಷಯದಲ್ಲಿ ಅಂದೇ ಮಧ್ಯಾಹ್ನ ಪಾಸಾದವಳು ನಾನು. "ಯಾಕಂದ್ರೆ ನಾನು ದೊಡ್ಡೋಳು" ಎಂದೆ.